ದೊಡ್ಡ ಗಿಡುಗ ಚಿಕ್ಕ ಗಿಡುಗವನ್ನು ತಿನ್ನುತ್ತದೆಯೇ?

ಪ್ರಶ್ನೆ: ನಾನು ಓಡಾಡುವ ಕಾಡಿನಲ್ಲಿ ದೊಡ್ಡ ಗಿಡುಗವೊಂದು ಗೂಡು ಕಟ್ಟಿದೆ. ಅಲ್ಲಿಂದೀಚೆಗೆ ಚಿಕ್ಕ ಗಿಡುಗಗಳೂ ಇಲ್ಲ, ಗೂಬೆಯ ಕೂಗೂ ಇಲ್ಲ. ಎಲ್ಲವನ್ನೂ ಅದೇ ತಿಂದುಹಾಕಿತಾ?

ಕೆಲವನ್ನು ತಿಂದಿರಬಹುದು. ಎಲ್ಲವನ್ನೂ ತಿಂದಿರುವುದು ಅನುಮಾನ.

ಹದ್ದು, ಗಿಡುಗ, ಗೂಬೆ ಎಲ್ಲ ಬೇಟೆಹಕ್ಕಿಗಳು ಅಂತ ನಾವು ಒಂದೇ ಗುಂಪಿಗೆ ಸೇರಿಸಿಬಿಡುತ್ತೇವೆ. ಅವಕ್ಕೆ ಆ ಸಂಬಂಧವೆಲ್ಲ ಗೊತ್ತಿಲ್ಲ. ಹಿಡಿಯುವಷ್ಟು ಚಿಕ್ಕದಿದ್ದರೆ ಅದು ಊಟ, ಅಷ್ಟೇ. ಗೋಶಾಕ್ ಎಂಬ ಕಾಡಿನ ಗಿಡುಗವನ್ನೇ ನೋಡಿ. ಅದರ ಹೆಣ್ಣು ಒಂದು ಕಿಲೋ ದಾಟುತ್ತದೆ. ಅದರದೇ ದಾಯಾದಿ ಸ್ಪ್ಯಾರೋಹಾಕ್‌ನ ಗಂಡು ಸುಮಾರು 150 ಗ್ರಾಂ. ಪಾರಿವಾಳವನ್ನೇ ಹೊತ್ತೊಯ್ಯುವ ಹಕ್ಕಿಗೆ ಇದು ಯಾವ ಲೆಕ್ಕ! ಹಗಲಲ್ಲಿ ಕೊಂಬೆಯ ಮೇಲೆ ತೂಕಡಿಸುವ ಗೂಬೆಯನ್ನೂ ಗೋಶಾಕ್ ಬಿಡುವುದಿಲ್ಲ. ಕತ್ತಲಾದರೆ ಆಟ ತಿರುಗುತ್ತದೆ. ಯುರೋಪಿನ ಕೊಂಬಿನ ಗೂಬೆ, ಅಂದರೆ ಈಗಲ್ ಔಲ್, ಗೋಶಾಕ್ ಗೂಡಿಗೇ ನುಗ್ಗಿ ಮರಿಗಳನ್ನು ಎತ್ತುತ್ತದೆ. ಒಮ್ಮೊಮ್ಮೆ ಬೆಳೆದ ಗೋಶಾಕನ್ನೂ ಕೊಲ್ಲುತ್ತದೆ.

ಆದರೆ ಇಂಥ ಊಟ ದಿನದ್ದಲ್ಲ. ಸಾಮಾನ್ಯವಾಗಿ ಗೋಶಾಕ್ ತಟ್ಟೆಯಲ್ಲಿ ಪಾರಿವಾಳ, ಕಾಗೆ, ಮೊಲವೇ ಜಾಸ್ತಿ. ಅವು ಕಡಿಮೆಯಾದಾಗ ಉಳಿದವರ ಮೇಲೆ ಕಣ್ಣು ಬೀಳುತ್ತದೆ. ಉತ್ತರ ಇಂಗ್ಲೆಂಡಿನ ಕೀಲ್ಡರ್ ಕಾಡಿನಲ್ಲಿ 1970ರ ದಶಕದ ನಂತರ ಗೋಶಾಕ್ ಹೆಚ್ಚುತ್ತಾ ಹೋಯಿತು, ಕೆಸ್ಟ್ರೆಲ್ ಎಂಬ ಪುಟ್ಟ ಡೇಗೆ ಇಳಿಯುತ್ತಾ ಬಂತು. ಗೋಶಾಕ್ ತಿಂದು ಬಿಟ್ಟದ್ದರಲ್ಲಿ ಕೆಸ್ಟ್ರೆಲ್‌ಗಳು ಬಹಳ ಸಿಕ್ಕವು. ಅಲ್ಲಿ ಅಧ್ಯಯನ ಮಾಡಿದವರು ಗೋಶಾಕ್ ಕಡೆಗೇ ಬೊಟ್ಟು ಮಾಡಿದರು. ಹೀಗಾಗುವುದೂ ಉಂಟು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಹೆದರಿಕೆ. ಫಿನ್ಲೆಂಡಿನಲ್ಲಿ ದೊಡ್ಡ ಉರಾಲ್ ಗೂಬೆಯ ಗೂಡಿನ ಆಸುಪಾಸು ಪುಟ್ಟ ಬೋರಿಯಲ್ ಗೂಬೆಗಳು ಗೂಡು ಮಾಡುವುದೇ ಕಡಿಮೆ. ಎಲ್ಲವೂ ಸತ್ತಿವೆ ಅಂತಲ್ಲ, ಸುಮ್ನೆ ಜಾಗ ಬದಲಿಸಿರಬಹುದು. ದೊಡ್ಡ ಗೂಬೆ ಹತ್ತಿರವಿದ್ದರೆ ಚಿಕ್ಕ ಗೂಬೆಗಳು ಬಾಯಿ ಮುಚ್ಚಿಕೊಂಡಿರುವುದೂ ಉಂಟು. ಕೂಗಿದರೆ ತಾನೇ ವಿಳಾಸ ಕೊಟ್ಟ ಹಾಗೆ, ಅಲ್ವಾ? ಹಾಗಾಗಿ ಕೂಗು ಕೇಳದಿದ್ದ ಮಾತ್ರಕ್ಕೆ ನಿಮ್ಮ ಗೂಬೆ ಹೊಟ್ಟೆ ಸೇರಿತು ಎನ್ನಲಾಗದು.

ಸಾಕ್ಷಿ ಬೇಕೆಂದರೆ ನೆಲ ನೋಡಿ. ಬೇಟೆಹಕ್ಕಿ ತಿನ್ನುವ ಮೊದಲು ಗರಿಗಳನ್ನು ಕೀಳುತ್ತದೆ. ಬುಡ ಮುರಿಯದ ಗರಿಗಳು ಒಂದೇ ಕಡೆ ಚೆಲ್ಲಿರುತ್ತವೆ. ನರಿ ಕಚ್ಚಿ ಕತ್ತರಿಸುತ್ತದೆ, ದಂಟು ತುಂಡಾಗಿರುತ್ತದೆ. ಅಂಚಿನಲ್ಲಿ ಬಾಚಣಿಗೆಯಂತೆ ಸಣ್ಣ ಹಲ್ಲುಗಳಿರುವ, ಮುಟ್ಟಿದರೆ ಮೆತ್ತಗಿರುವ ರೆಕ್ಕೆಗರಿ ಸಿಕ್ಕರೆ ಅದು ಗೂಬೆಯದು. ಆದರೆ ಈಗಲೇ ಗೂಡಿನ ಮರದ ಬುಡಕ್ಕೆ ಹೋಗಬೇಡಿ. ಮರಿಗಳು ಹಾರಿಹೋಗಲಿ, ಆಮೇಲೆ ಹುಡುಕಿ.