ಅರ್ಥ ಗೊತ್ತು, ವಾಕ್ಯ ಬರದು

ಹೊಸ ಇಂಗ್ಲಿಷ್ ಪದಗಳನ್ನು ಸಾಲಾಗಿ ಬರೆದು, ಎದುರಿಗೆ ಕನ್ನಡ ಅರ್ಥ ಬರೆದು ಬಾಯಿಪಾಠ ಮಾಡುವವರ ಶ್ರದ್ಧೆ ದೊಡ್ಡದು. ಕೇಳಿದರೆ ಅರ್ಥ ತಟ್ಟನೆ ಹೇಳುತ್ತಾರೆ. ಅದೇ ಪದ ಹಾಕಿ ಒಂದು ವಾಕ್ಯ ಬರೆಯಿರಿ ಎಂದರೆ ಎಡವುತ್ತಾರೆ. ನಿಘಂಟಿನಲ್ಲಿ ಅರ್ಥದ ಪಕ್ಕದಲ್ಲೇ ಇದ್ದ ಉದಾಹರಣೆ ವಾಕ್ಯವನ್ನು ಅವರು ಓದಿಯೇ ಇರುವುದಿಲ್ಲ. ಇಷ್ಟು ಕಷ್ಟಪಟ್ಟು ಓದುವವರ ಶ್ರಮ ಹೀಗೆ ಪೋಲಾಗುವುದನ್ನು ಕಂಡರೆ ಸಂಕಟವಾಗುತ್ತದೆ.

‘ಸಜೆಸ್ಟ್’ ಎಂಬ ಪದವನ್ನೇ ನೋಡಿ. ‘ಸೂಚಿಸು’ ಎಂದಷ್ಟೇ ಕಲಿತವರು ‘ಸಜೆಸ್ಟ್ ಮಿ ಎ ಗುಡ್ ಬುಕ್’, ‘ಹಿ ಸಜೆಸ್ಟೆಡ್ ಮಿ ಟು ಗೋ’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ‘ನನಗೆ ಸೂಚಿಸಿದರು’ ಎನ್ನುತ್ತೇವಲ್ಲ, ಹಾಗಾಗಿ ಇದೂ ಸರಿ ಅನ್ನಿಸುತ್ತದೆ. ಆದರೆ ಉದಾಹರಣೆಗಳು ಇರುವುದು ಹೀಗೆ: ‘ಹಿ ಸಜೆಸ್ಟೆಡ್ ಗೋಯಿಂಗ್ ಬೈ ಟ್ರೈನ್’, ‘ಐ ಸಜೆಸ್ಟ್ ದಟ್ ವಿ ವೇಟ್’. ಈ ಪದದ ಬೆನ್ನಿಗೆ ‘ಎ ಗುಡ್ ಬುಕ್’ನಂಥ ನಾಮಪದ, ‘ಇಂಗ್’ ರೂಪ ಇಲ್ಲವೇ ‘ದಟ್’ ಬರುತ್ತದೆ. ‘ಮಿ’ ನೇರವಾಗಿ ಬರುವಂತಿಲ್ಲ, ಬೇಕೇ ಬೇಕೆಂದರೆ ‘ಟು ಮಿ’. ‘ಎಕ್ಸ್‌ಪ್ಲೇನ್’ ಕೂಡ ಹೀಗೆಯೇ ‘ಟು ಮಿ’ ಕೇಳುತ್ತದೆ. ‘ಡಿಸ್ಕಸ್’ ಕ್ರಿಯಾಪದಕ್ಕೆ ‘ಅಬೌಟ್’ ಬೇಡ. ‘ಮ್ಯಾರಿಡ್’ ಆದ ಮೇಲೆ ‘ವಿತ್’ ಅಲ್ಲ, ‘ಟು’. ಸಲಹೆ ಎಂಬರ್ಥದ ‘ಅಡ್ವೈಸ್’ಗೆ ಬಹುವಚನವಿಲ್ಲ. ಇವುಗಳಲ್ಲಿ ಒಂದನ್ನೂ ಕನ್ನಡ ಅರ್ಥ ಹೇಳಿಕೊಡುವುದಿಲ್ಲ. ಹೇಳಿಕೊಡುವುದು ವಾಕ್ಯ.

ಕಲಿಯುವವರಿಗೆಂದೇ ಬೇರೆ ನಿಘಂಟುಗಳು ಬಂದದ್ದು ಇದಕ್ಕಾಗಿ. ಇಂಗ್ಲಿಷ್ ಅಧ್ಯಾಪಕ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಜಪಾನಿನಲ್ಲಿ ಹೊರಬಂದಾಗಲೇ ಕ್ರಿಯಾಪದದ ಜೊತೆ ಯಾವ ರಚನೆ ಬರುತ್ತದೆಂದು ಗುರುತು ಹಾಕಿತ್ತು. 1978ರ ಲಾಂಗ್‌ಮನ್ ನಿಘಂಟು ಸುಮಾರು 2000 ಸಾಮಾನ್ಯ ಪದಗಳಲ್ಲೇ ಅರ್ಥ ವಿವರಿಸಿತು. ಅಂದರೆ ಆ ಮೂಲ ಪದಗಳು ಕೈಯಲ್ಲಿದ್ದರೆ ಇಂಗ್ಲಿಷ್ ವಿವರಣೆಗೆ ಹೆದರಬೇಕಿಲ್ಲ.

ದಿನಕ್ಕೆ ಐದಾರು ಪದ ಸಾಕು. ಪದ ಸಿಕ್ಕ ವಾಕ್ಯವನ್ನು ಮೊದಲು ಮತ್ತೆ ಓದಿ, ನಿಘಂಟಿನ ಯಾವ ಅರ್ಥ ಅಲ್ಲಿ ಹೊಂದುತ್ತದೆಂದು ನೋಡಿ. ಮೊದಲನೇ ಅರ್ಥವನ್ನೇ ಎತ್ತಿಕೊಂಡು ಬರುವುದು ಬಹಳ ಜನರ ಚಾಳಿ. ನಂತರ ಉದಾಹರಣೆಯನ್ನು ಇಡಿಯಾಗಿ ಬರೆದು, ಪದದ ಹಿಂದುಮುಂದಿನ ಎರಡು ಮೂರು ಪದಗಳಿಗೂ ಸೇರಿಸಿ ಅಡಿಗೆರೆ ಎಳೆಯಿರಿ. ಅಡಿಗೆರೆಯ ಭಾಗದ ಚೌಕಟ್ಟು ಉಳಿಸಿಕೊಂಡು ಮಿಕ್ಕದ್ದನ್ನು ನಿಮ್ಮ ಬದುಕಿನ ನಿಜ ಸಂಗತಿಯಿಂದ ತುಂಬಿ: ‘ಮೈ ಸಿಸ್ಟರ್ ಸಜೆಸ್ಟೆಡ್ ವೇಟಿಂಗ್ ಟಿಲ್ ಮಂಡೇ’. ಮರುದಿನ ಅಡಿಗೆರೆಯ ಭಾಗವನ್ನು ಮುಚ್ಚಿ ನೆನಪಿನಿಂದ ಹೇಳಿ, ಮೂರ್ನಾಲ್ಕು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಬರೀ ಕಣ್ಣಾಡಿಸಿದರೆ ಗೊತ್ತಿದೆ ಅನ್ನಿಸುತ್ತದೆ, ಬಾಯಿಗೆ ಬರುವುದಿಲ್ಲ.

ಎರಡು ಮೂರು ಪದಗಳ ನುಡಿಗಟ್ಟುಗಳಲ್ಲಿ ನಿಘಂಟು ‘ಸಮ್‌ಥಿಂಗ್’ ಅಥವಾ ‘ಸಮ್‌ಬಡಿ’ಯನ್ನು ಎಲ್ಲಿಟ್ಟಿದೆ ಎಂದು ನೋಡಲೇಬೇಕು. ‘ಪುಟ್ ಸಮ್‌ಥಿಂಗ್ ಆಫ್’ ಎಂದಿದ್ದರೆ ‘ಪುಟ್ ಇಟ್ ಆಫ್’ ಎನ್ನಬೇಕು, ‘ಪುಟ್ ಆಫ್ ಇಟ್’ ತಪ್ಪು. ‘ಲುಕ್ ಆಫ್ಟರ್ ಸಮ್‌ಬಡಿ’ಯಲ್ಲಿ ಎರಡು ಪದಗಳ ನಡುವೆ ಏನನ್ನೂ ತೂರಿಸುವಂತಿಲ್ಲ. ‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಕಾಲ್ ಆಫ್’ ಎಂದರೆ ರದ್ದು ಮಾಡುವುದು. ಮೊದಲನೆಯದರ ಬದಲು ಎರಡನೆಯದನ್ನು ಬರೆದ ಒಂದು ಇಮೇಲ್ ಸಾಕು, ಮುಂದೂಡಿದ ಸಭೆಗೆ ಯಾರೂ ಬರುವುದಿಲ್ಲ.

ಹಾಗೆಂದು ಎಲ್ಲ ಪದಕ್ಕೂ ಇಷ್ಟು ದುಡಿಯಬೇಕಿಲ್ಲ. ವಸ್ತುಗಳ ಹೆಸರಿಗೆ, ಓದುವಾಗ ತಿಳಿದರೆ ಸಾಕೆನ್ನುವ ಅಪರೂಪದ ಪದಗಳಿಗೆ ಕನ್ನಡ ಅರ್ಥವೇ ಸಾಕು. ಈಗಷ್ಟೇ ಕಲಿಯಲು ಹೊರಟವರಿಗೂ ಬಹುಪಾಲು ಅದೇ ಒಳ್ಳೆಯದು. ನೀವೇ ಬರೆಯಬೇಕಾದ, ಆಡಬೇಕಾದ ಪದಗಳಿಗೆ, ಅದರಲ್ಲೂ ಕ್ರಿಯಾಪದಗಳಿಗೆ, ಈ ಶ್ರಮವನ್ನು ಮೀಸಲಿಡಿ.