ಥಿನ್ ಕ್ಲೋನ್: ತಾಯಿಯನ್ನು ಬಿಡದ ನಕಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಬೇಸಿಗೆಯಲ್ಲಿ ಯಾರ ಹಿತ್ತಿಲಿಗೆ ಹೋದರೂ ನೆರಳಿನಲ್ಲಿ ಸಾಲಾಗಿ ಪ್ಲಾಸ್ಟಿಕ್ ತೊಟ್ಟೆಗಳು ಕಾಣುತ್ತವೆ. ಒಳ್ಳೆಮೆಣಸಿನ ಬುಡದಲ್ಲಿ ಹಬ್ಬಿದ ಬಳ್ಳಿಯನ್ನು ಎರಡು ಮೂರು ಗಂಟಿಗೆ ಕತ್ತರಿಸಿ ಅದರಲ್ಲಿ ನೆಟ್ಟಿರುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಬೇರು ಬಿಟ್ಟಿರುತ್ತದೆ, ಕಂಗಿನ ಬುಡಕ್ಕೆ ಹೋಗುತ್ತದೆ. ಬೀಜ ಹಾಕಿ ಅದೃಷ್ಟ ನೋಡುವ ಆಟ ಇದಲ್ಲ. ತಾಯಿ ಹೇಗೋ ಮಗುವೂ ಹಾಗೇ.

'ಕ್ಲೋನ್' ಎಂಬ ಪದ ಹುಟ್ಟಿದ್ದೇ ಇಂಥ ಗಿಡಗಳಿಗಾಗಿ. ಗ್ರೀಕ್ ಭಾಷೆಯಲ್ಲಿ ರೆಂಬೆ ಎಂಬ ಅರ್ಥದ ಪದವನ್ನು ತೆಗೆದುಕೊಂಡು 1903ರಲ್ಲಿ ಹರ್ಬರ್ಟ್ ವೆಬ್ಬರ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ಅದನ್ನು ಬಳಕೆಗೆ ತಂದರು. 1997ರಲ್ಲಿ ಡಾಲಿ ಕುರಿಯ ಸುದ್ದಿ ಬಂದ ಮೇಲೆ ನಮ್ಮ ಪತ್ರಿಕೆಗಳು ಅದಕ್ಕೆ 'ತದ್ರೂಪಿ' ಎಂದವು. ಕುರಿಗೆ ಅದು ಒಪ್ಪುತ್ತದೆ. ಡೇಟಾಬೇಸಿನ ನಕಲಿಗೆ ಮಾತ್ರ ಯಾರೂ ತದ್ರೂಪಿ ಅನ್ನುವುದನ್ನು ನಾನು ಕೇಳಿಲ್ಲ. ನಾವು 'ಒಂದು ಕ್ಲೋನ್ ಎಬ್ಬಿಸು' ಅಂತಲೇ ಹೇಳುವುದು.

ಆದರೆ ಈಗ ನಾವು ಎಬ್ಬಿಸುವ ಕ್ಲೋನ್ ಬಹಳ ಸಲ ತೊಟ್ಟೆಯ ಬಳ್ಳಿಯ ಹಾಗೆ ಅಲ್ಲ. ಅದು ಗೂಟಿ ಕಟ್ಟಿದ ರೆಂಬೆಯ ಹಾಗೆ. ಪೇರಳೆಗೋ ಲಿಂಬೆಗೋ ಗೂಟಿ ಕಟ್ಟುತ್ತಾರಲ್ಲ, ತೊಗಟೆ ಸುಲಿದು, ಮಣ್ಣು ಮೆತ್ತಿ, ಪ್ಲಾಸ್ಟಿಕ್ ಸುತ್ತಿ? ಆ ರೆಂಬೆಗೆ ಬೇರು ಬಂದರೂ ಕತ್ತರಿಸುವವರೆಗೆ ಅದು ತಾಯಿಗಿಡದ್ದೇ ನೀರು ಕುಡಿಯುತ್ತದೆ. ಥಿನ್ ಕ್ಲೋನ್ ಅಂದರೆ ಇದು. ಥಿನ್ ಅಂದರೆ ತೆಳು, ಜಾಗ ತಿನ್ನದ್ದು.

ನಾನು ಸಹಕಾರಿ ಸಂಘಗಳ ಲೆಕ್ಕದ ಸಾಫ್ಟ್‌ವೇರಿಗೆ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಸದಸ್ಯರದ್ದೊಂದು ಟೇಬಲ್, ಸಾಲದ್ದೊಂದು, ಠೇವಣಿಯದ್ದೊಂದು, ಒಂದಕ್ಕೊಂದು ಸದಸ್ಯನ ನಂಬರಿನಿಂದ ಕೊಂಡಿ. ರಿಲೇಷನಲ್ ಡೇಟಾಬೇಸ್ ಅಂದರೆ ಇಷ್ಟೇ. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬವರು ಬರೆದ ಲೇಖನದಿಂದ ಶುರುವಾದದ್ದು. ರಶೀದಿಯಲ್ಲಿ ಹೆಸರು ಮಲಯಾಳದಲ್ಲಿ ಮಾತ್ರ ಬರುತ್ತಿತ್ತು. ಕನ್ನಡದಲ್ಲೂ ಬರಬೇಕು ಎಂದು ಸದಸ್ಯರ ಒತ್ತಾಯ. ನ್ಯಾಯವಾದ ಒತ್ತಾಯವೇ. ಅದಕ್ಕೆ ಹೊಸ ಕಾಲಂ ಸೇರಿಸಿ ಪರೀಕ್ಷೆ ಮಾಡಬೇಕು. ನಿಜವಾದ ಡೇಟಾಬೇಸಿನ ಮೇಲೆ ಕೈ ಹಾಕುವ ಹಾಗಿಲ್ಲ. ನಾಲ್ಕು ಮಂದಿ ಹುಡುಗರು, ನಾಲ್ವರಿಗೂ ಬೇರೆ ಬೇರೆ ಪ್ರತಿ ಬೇಕು.

ಡೇಟಾಬೇಸ್ 300 ಜಿಬಿ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 150 ಎಂಬಿ ಓಡುವ ಹಾರ್ಡ್ ಡಿಸ್ಕಿನಲ್ಲಿ ಫೈಲುಗಳನ್ನು ಸುಮ್ನೆ ನಕಲು ಮಾಡಲಿಕ್ಕೇ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಡಂಪ್ ತೆಗೆದು, ಅಂದರೆ ಡೇಟಾವನ್ನೆಲ್ಲ ಒಂದು ಫೈಲಿಗೆ ಇಳಿಸಿ, ಮತ್ತೆ ಏರಿಸುವುದಾದರೆ ಬೇಗ ಹುಡುಕಲಿಕ್ಕೆಂದು ಇರುವ ಇಂಡೆಕ್ಸುಗಳನ್ನೆಲ್ಲ ಹೊಸದಾಗಿ ಕಟ್ಟಬೇಕು, ಬೆಳಗ್ಗೆ ಶುರು ಮಾಡಿದರೆ ಸಂಜೆ. ನಾಲ್ಕು ಪ್ರತಿಗೆ 1,200 ಜಿಬಿ. ಹುಡುಗರು ಅದರಲ್ಲಿ ನಿಜಕ್ಕೂ ಮುಟ್ಟುವುದು ಎಷ್ಟು? ಎರಡು ಮೂರು ಟೇಬಲ್, ಅದರಲ್ಲೂ ಕೆಲವು ಸಾಲು.

ಹಳೇ ಕಾಲದ ಲೆಕ್ಕದ ಪುಸ್ತಕ ನೆನೆಸಿಕೊಳ್ಳಿ. ಬೈಂಡ್ ಮಾಡಿದ್ದಲ್ಲ, ಬಿಡಿ ಹಾಳೆಗಳದ್ದು. ಯಾವ ಸದಸ್ಯನ ಲೆಕ್ಕ ಯಾವ ಹಾಳೆಯಲ್ಲಿದೆ ಎಂದು ಹೇಳುವ ಪಟ್ಟಿಯೊಂದು ಮೇಲೆ ಇರುತ್ತದೆ. ಒಂದು ಕಟ್ಟುನಿಟ್ಟು: ಬರೆದ ಹಾಳೆಯನ್ನು ತಿದ್ದುವ ಹಾಗಿಲ್ಲ. ಬದಲಾಯಿಸಬೇಕಾದರೆ ಹೊಸ ಹಾಳೆ ತೆಗೆದು ಬರೆದು, ಪಟ್ಟಿಯಲ್ಲಿ ಹಾಳೆಯ ನಂಬರ್ ಬದಲಿಸಬೇಕು. ಈ ಕ್ರಮ ಇದ್ದರೆ ಇವತ್ತಿನ ಲೆಕ್ಕವನ್ನು ಹಾಗೇ ಉಳಿಸುವುದು ಬಹಳ ಸುಲಭ. ಪಟ್ಟಿಯನ್ನು ಎತ್ತಿಟ್ಟರೆ ಸಾಕು, ಆ ಪಟ್ಟಿ ತೋರಿಸುವ ಹಾಳೆಗಳನ್ನು ಎಸೆಯಬಾರದು, ಅಷ್ಟೆ. ಎತ್ತಿಟ್ಟ ಆ ಪಟ್ಟಿಯೇ ಸ್ನ್ಯಾಪ್‌ಶಾಟ್. ಅದು ಓದಲಿಕ್ಕೆ ಮಾತ್ರ. ಅದೇ ಪಟ್ಟಿಯ ಮೇಲೆ 'ನೀನು ಇನ್ನು ನಿನ್ನದೇ ಹಾಳೆ ಬರೆದುಕೋ' ಎಂದು ಇನ್ನೊಬ್ಬನಿಗೆ ಅನುಮತಿ ಕೊಟ್ಟರೆ ಅವನದ್ದು ಕ್ಲೋನ್. ಈ ಎರಡು ಪದಗಳನ್ನು ಒಂದೇ ಎಂದುಕೊಳ್ಳುವವರು ತುಂಬ ಮಂದಿ.

ನಾವು ಬಳಸುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಒಂದು ಹಾಳೆ 8 ಕೆಬಿ. ಹಾಗಾದರೆ 300 ಜಿಬಿ ಅಂದರೆ ಸುಮಾರು 3.9 ಕೋಟಿ ಹಾಳೆ. ಕ್ಲೋನ್ ಮಾಡುವಾಗ ಇದರಲ್ಲಿ ಒಂದನ್ನೂ ನಕಲು ಮಾಡುವುದಿಲ್ಲ. ಅದಕ್ಕೇ ಎರಡು ಸೆಕೆಂಡಿನಲ್ಲಿ ಮುಗಿಯುವುದು. ಡೇಟಾಬೇಸಿಗೆ ಇದೊಂದೂ ಗೊತ್ತೇ ಇಲ್ಲ, ಆಟವೆಲ್ಲ ಕೆಳಗೆ ಡಿಸ್ಕಿನಲ್ಲಿ ಫೈಲುಗಳನ್ನು ಇಟ್ಟುಕೊಳ್ಳುವ ಫೈಲ್ ಸಿಸ್ಟಮಿನದ್ದು. ನೆಟ್‌ಆ್ಯಪ್ ಕಂಪನಿಯ ಸ್ಟೋರೇಜ್ ಪೆಟ್ಟಿಗೆಗಳು 1990ರ ದಶಕದಿಂದಲೇ ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದವು. ಸನ್ ಕಂಪನಿಯ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ 2005ರಲ್ಲಿ ಮುಕ್ತವಾಗಿ ಹೊರಬಂದ ಮೇಲೆ ನಮ್ಮಂಥ ಸಣ್ಣವರ ಕೈಗೂ ಸಿಕ್ಕಿತು.

ಝಡ್‌ಎಫ್‌ಎಸ್ ಪಟ್ಟಿಯಲ್ಲಿ ಪ್ರತಿ ಕ್ಲೋನಿನ ಎದುರು ಎರಡು ಅಂಕಿ ಬರುತ್ತದೆ. 'ರೆಫರ್' ಅನ್ನುವಲ್ಲಿ 300 ಜಿಬಿ, 'ಯೂಸ್ಡ್' ಅನ್ನುವಲ್ಲಿ ಕೆಲವೇ ಕೆಬಿ. ಮೊದಲನೆಯದು ಅದು ಓದಬಲ್ಲದ್ದು, ಎರಡನೆಯದು ಅದರ ಸ್ವಂತದ್ದು. ಥಿನ್ ಕ್ಲೋನ್ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಅಂಕಿ ತೋರಿಸಿ ಸುಮ್ಮನಾಗುತ್ತೇನೆ.

ಓಡುತ್ತಿರುವ ಡೇಟಾಬೇಸಿನ ಸ್ನ್ಯಾಪ್‌ಶಾಟ್ ತೆಗೆದರೆ ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುವುದಿಲ್ಲವಾ? ನಿಲ್ಲುತ್ತದೆ. ಮೊದಲ ಸಲ ಕ್ಲೋನ್ ಎಬ್ಬಿಸಿದ ಹುಡುಗ ಗಾಬರಿಯಿಂದ ಫೋನ್ ಮಾಡಿದ್ದ.

"ಅಣ್ಣ, ಇದೆಂತ, ಸರಿಯಾಗಿ ಬಂದ್ ಮಾಡ್ಲಿಲ್ಲ, ರಿಕವರಿ ಮಾಡ್ತಾ ಇದ್ದೇನೆ ಅಂತ ಬರ್ತಾ ಉಂಟು. ಹಾಳಾಯ್ತಾ?"

"ಹಾಳಾಗ್ಲಿಲ್ಲ ಮಾರಾಯ. ಕರೆಂಟ್ ಹೋಗಿ ಬಂದ ಹಾಗೆ ಲೆಕ್ಕ. ಒಂದು ನಿಮಿಷ ಕಾಯಿ."

ಜೂನಿನಲ್ಲಿ ಗಾಳಿಮಳೆಗೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಂಥ ಹೊತ್ತಿಗೆಂದೇ ಡೇಟಾಬೇಸ್ ಮಾಡುವ ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಎಂಬ ದಿನಚರಿ ಫೈಲಿನಲ್ಲಿ ಬರೆದಿಡುತ್ತದೆ. ಎದ್ದ ಕೂಡಲೇ ಲಾಗ್ ಓದಿ, ಮುಗಿದ ವ್ಯವಹಾರವನ್ನು ಪೂರ್ತಿ ಮಾಡಿ, ಮುಗಿಯದ್ದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತದೆ. ಕ್ಲೋನಿಗೆ ಆಗುವುದೂ ಅದೇ. ಆದರೆ ಒಂದು ಕರಾರು ಇದೆ, ಇಲ್ಲೇ ಜನ ಎಡವುವುದು. ಡೇಟಾ ಮತ್ತು ಲಾಗ್ ಎರಡರ ಸ್ನ್ಯಾಪ್‌ಶಾಟೂ ಒಂದೇ ಕ್ಷಣದ್ದಾಗಿರಬೇಕು. ಲಾಗನ್ನು ಬೇರೆ ಡಿಸ್ಕಿನಲ್ಲಿಟ್ಟು, ಒಂದನ್ನು ಈಗ, ಇನ್ನೊಂದನ್ನು ಹತ್ತು ಸೆಕೆಂಡ್ ಬಿಟ್ಟು ತೆಗೆದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಹಾಗೆ ಬೇರೆ ಬೇರೆ ತೆಗೆಯಲೇಬೇಕಾದರೆ 'ಬ್ಯಾಕಪ್ ಶುರು' ಎಂದು ಡೇಟಾಬೇಸಿಗೆ ಮೊದಲೇ ಹೇಳುವ ದಾರಿ ಪೋಸ್ಟ್‌ಗ್ರೆಸ್‌ನಲ್ಲೂ ಇದೆ, ಒರಾಕಲ್‌ನಲ್ಲೂ ಇದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನ ಹಳೇ ಮೈಐಸ್ಯಾಮ್ ಮಾದರಿಯ ಟೇಬಲುಗಳಿಗಂತೂ ಇಂಥ ಲಾಗೇ ಇಲ್ಲ. ಅವುಗಳನ್ನು ಓಡುತ್ತಿರುವಾಗ ಹೀಗೆ ಕ್ಲೋನ್ ಮಾಡಲು ಹೋಗಬೇಡಿ.

ಈಗ ಕನ್ನಡ ಹೆಸರಿನ ಕಾಲಂಗೆ ಬರೋಣ. ಕಾಲಂ ಸೇರಿಸಿದ್ದರಿಂದ ಏನೂ ಆಗಲಿಲ್ಲ. ಖಾಲಿ ಕಾಲಂ ಸೇರಿಸಿದರೆ ಪೋಸ್ಟ್‌ಗ್ರೆಸ್ ಹಾಳೆಗಳನ್ನು ಮುಟ್ಟುವುದಿಲ್ಲ. ಆಮೇಲೆ ಹುಡುಗ ಒಂದೇ ಏಟಿಗೆ ಎಲ್ಲ ಸದಸ್ಯರ ಹೆಸರನ್ನೂ ಕನ್ನಡಕ್ಕೆ ತಂದು ತುಂಬಿಸಿದ. ತೆಳು ಕ್ಲೋನ್ ಅರ್ಧ ಗಂಟೆಯಲ್ಲಿ ದಪ್ಪವಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಬದಲಿಸಿದರೆ ಹಳೇ ಸಾಲು ಹಾಗೇ ಇದ್ದು ಹೊಸ ಸಾಲು ಬೇರೆ ಬರೆಯಲಾಗುತ್ತದೆ. ಜತೆಗೆ ಇಂಡೆಕ್ಸು, ಜತೆಗೆ ಲಾಗು. ಇದರ ಮೇಲೆ ಝಡ್‌ಎಫ್‌ಎಸ್‌ನದ್ದೊಂದು ಬೇರೆ. ಅದು ಒಂದು ಸಲಕ್ಕೆ ಬರೆಯುವ ಕಟ್ಟಿಗೆ ಮೊದಲೇ ಇಟ್ಟುಕೊಂಡ ಅಳತೆ 128 ಕೆಬಿ. ಡೇಟಾಬೇಸ್ 8 ಕೆಬಿಯ ಒಂದು ಹಾಳೆ ಬದಲಿಸಿದರೂ ಕೆಳಗೆ 128 ಕೆಬಿಯ ಇಡೀ ಕಟ್ಟು ಹೊಸದಾಗಿ ಬರೆಯಲಾಗುತ್ತದೆ. ಅಂದರೆ 16 ಪಾಲು. ಡೇಟಾ ಹಾಕುವ ಮೊದಲೇ ಈ ಅಳತೆಯನ್ನು 8 ಅಥವಾ 16 ಕೆಬಿಗೆ ಇಳಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ. ಇಳಿಸಿದರೆ ಡೇಟಾವನ್ನು ಒತ್ತಿ ಚಿಕ್ಕದು ಮಾಡುವ ಕಂಪ್ರೆಶನ್ನಿನ ಲಾಭ ಸ್ವಲ್ಪ ಹೋಗುತ್ತದೆ, ಹೋಗಲಿ.

ತಾಯಿಯ, ಅಂದರೆ ನಿಜವಾದ ಡೇಟಾಬೇಸಿನ, ಕಡೆಯಿಂದಲೂ ಜಾಗ ಸೋರುತ್ತದೆ. ಅಲ್ಲಿ ದಿನಾ ವ್ಯವಹಾರ ನಡೆದು ಹಾಳೆಗಳು ಬದಲಾದಂತೆ ಹಳೇ ಹಾಳೆಗಳನ್ನು ಸ್ನ್ಯಾಪ್‌ಶಾಟಿಗಾಗಿ ಹಿಡಿದಿಡಬೇಕು. ಲಿನಕ್ಸಿನಲ್ಲಿ ಡಿಸ್ಕಿನ ಜಾಗ ಹಂಚುವ ಎಲ್‌ವಿಎಂನ ಹಳೇ ಮಾದರಿಯ ಸ್ನ್ಯಾಪ್‌ಶಾಟಿನಲ್ಲಿ ಇದಕ್ಕೆಂದು ಕೊಟ್ಟ ಜಾಗ ತುಂಬಿದರೆ ಸ್ನ್ಯಾಪ್‌ಶಾಟೇ ಕೆಟ್ಟು ಹೋಗುತ್ತದೆ. ಡೇಟಾಬೇಸಿನ ಕೆಲಸಕ್ಕೆ ಅದನ್ನು ನಾನು ಬಿಟ್ಟು ವರ್ಷಗಳಾದವು.

ನನ್ನ ಕೈಯಿಂದಾದ ಒಂದು ಎಡವಟ್ಟನ್ನು ಹೇಳಲೇಬೇಕು. ಕ್ಲೋನ್ ಅಂದರೆ ಎಲ್ಲವೂ ಬರುತ್ತದೆ. ರಾತ್ರಿ ತಾನಾಗಿ ಓಡುವ ಕೆಲಸಗಳ ಪಟ್ಟಿಯೂ ಬರುತ್ತದೆ. ಪರೀಕ್ಷೆಗೆಂದು ಸಾಲದ ತಾರೀಕುಗಳನ್ನು ಹಿಂದಕ್ಕೆ ತಳ್ಳಿ ಇಟ್ಟಿದ್ದೆವು. ಎಸ್‌ಎಂಎಸ್ ಕಳಿಸುವ ಕೆಲಸವನ್ನು ನಿಲ್ಲಿಸಲು ನಾನು ಮರೆತಿದ್ದೆ. ಬೆಳಗ್ಗೆ ಏಳಕ್ಕೆ ಸಂಘದ ಕಾರ್ಯದರ್ಶಿಗೆ ಒಬ್ಬರು ಅಜ್ಜನ ಫೋನ್. "ಸಾಲ ಕಟ್ಟಿ ಮುಗಿಸಿ ಎರಡು ವರ್ಷ ಆಯ್ತು, ರಶೀದಿಯೂ ಉಂಟು. ಈಗ ಎಂತದ್ದು ಬಾಕಿ?" ಅವರ ಹಿಂದೆ ಇನ್ನೂ ಮೂವತ್ತು ನಲವತ್ತು ಮಂದಿ. ಅಜ್ಜನ ಮನೆಗೆ ಹೋಗಿ ತಪ್ಪು ನಮ್ಮದೆಂದು ಒಪ್ಪಿಕೊಂಡು, ಅವರು ಕೊಟ್ಟ ಚಹಾ ಕುಡಿದು ಬಂದೆ.

ಅಂದಿನಿಂದ ಕ್ರಮ ಬದಲಿಸಿದೆ. ಮೊದಲು ಒಂದು ಕ್ಲೋನ್ ಮಾಡುತ್ತೇನೆ, ಹೊರಗಿನ ಸಂಪರ್ಕವನ್ನೆಲ್ಲ ಕತ್ತರಿಸಿ ಎಬ್ಬಿಸುತ್ತೇನೆ. ಅದರಲ್ಲಿ ಫೋನ್ ನಂಬರ್, ಆಧಾರ್ ನಂಬರ್ ಎಲ್ಲವನ್ನೂ ಸುಳ್ಳು ನಂಬರಿನಿಂದ ಮುಚ್ಚುತ್ತೇನೆ. 2023ರ ಡೇಟಾ ರಕ್ಷಣಾ ಕಾಯ್ದೆ ಬಾರದಿದ್ದರೂ ಇದು ಮಾಡಬೇಕಾದ ಕೆಲಸವೇ. ಮುಚ್ಚುವುದು ಎಂದರೆ ಎಲ್ಲ ಸಾಲನ್ನೂ ಮುಟ್ಟುವುದು, ಕ್ಲೋನ್ ದಪ್ಪವಾಗುತ್ತದೆ. ಆಗಲಿ, ಒಂದೇ ಸಲ. ಆ ಮುಚ್ಚಿದ ಕ್ಲೋನಿನ ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ನಾಲ್ವರಿಗೂ ತೆಳು ಕ್ಲೋನ್ ಹಂಚುತ್ತೇನೆ. ನಾಲ್ವರೂ ಮುಚ್ಚಿದ ಹಾಳೆಗಳನ್ನೇ ಹಂಚಿಕೊಳ್ಳುತ್ತಾರೆ. ಒಬ್ಬ ಕೆಡಿಸಿಕೊಂಡರೆ ಅವನದ್ದನ್ನು ಎಸೆದು ಎರಡು ಸೆಕೆಂಡಿನಲ್ಲಿ ಹೊಸದು.

ಇದನ್ನು ಬ್ಯಾಕಪ್ ಎಂದು ಎಣಿಸುವವರೂ ಇದ್ದಾರೆ. ತಾಯಿ, ಸ್ನ್ಯಾಪ್‌ಶಾಟ್, ಕ್ಲೋನ್ ಎಲ್ಲ ಒಂದೇ ಡಿಸ್ಕಿನ ಒಂದೇ ಹಾಳೆಗಳ ಮೇಲೆ ಕೂತಿವೆ. ಡಿಸ್ಕ್ ಸುಟ್ಟರೆ ಎಲ್ಲವೂ ಒಟ್ಟಿಗೇ ಹೋದವು. ಬ್ಯಾಕಪ್ ಬೇಕಿದ್ದರೆ ಸ್ನ್ಯಾಪ್‌ಶಾಟನ್ನು ಇನ್ನೊಂದು ಮೆಷಿನ್ನಿಗೆ ಕಳಿಸಬೇಕು, ಆಗ ಎಲ್ಲ ಹಾಳೆಯೂ ನಿಜವಾಗಿ ನಕಲಾಗುತ್ತದೆ. ಗೂಟಿಯನ್ನು ಕತ್ತರಿಸಿ ಬೇರೆ ತೋಟದಲ್ಲಿ ನೆಟ್ಟ ಹಾಗೆ.

ಗೂಟಿಯ ರೆಂಬೆಯನ್ನು ಕತ್ತರಿಸಿ ತೆಗೆಯುವವರೆಗೆ ತಾಯಿಗಿಡ ಕಡಿಯುವ ಹಾಗಿಲ್ಲ, ಅಲ್ವಾ? ಝಡ್‌ಎಫ್‌ಎಸ್ ಕೂಡ ಅದನ್ನೇ ಹೇಳುತ್ತದೆ. ಕ್ಲೋನ್ ಇರುವ ಸ್ನ್ಯಾಪ್‌ಶಾಟನ್ನು ಅಳಿಸಲು ಹೋದರೆ 'ಇದನ್ನು ನಂಬಿ ಕ್ಲೋನ್ ಇದೆ' ಎಂದು ನಿರಾಕರಿಸುತ್ತದೆ. ಕಳೆದ ತಿಂಗಳು ಡಿಸ್ಕ್ ತುಂಬುತ್ತಾ ಬಂತು. ಹುಡುಕುತ್ತಾ ಹೋದರೆ ಒಂದು ಹಳೇ ಸ್ನ್ಯಾಪ್‌ಶಾಟ್ 90 ಜಿಬಿಯನ್ನು ಹಿಡಿದು ಕೂತಿತ್ತು. ಅಳಿಸಲು ಬಿಡಲಿಲ್ಲ, ಅದರ ಮೇಲೊಂದು ಕ್ಲೋನ್. ಏಳು ತಿಂಗಳಿಂದ ಯಾರೂ ಅದನ್ನು ತೆರೆದಿರಲಿಲ್ಲ. ಹೆಸರು ನೋಡಿದರೆ, 'ತಾತ್ಕಾಲಿಕ'.