ಸೀಟಿ ಊದುವವರ ವಿಮೆ: ‘ಉದ್ಯೋಗ’ ಕಾಲಂನಲ್ಲಿ ಏನು ಬರೆಯಬೇಕು?

ಎಲ್‌ಬಿಡಬ್ಲ್ಯು ಯಾವಾಗ ಕೊಡಬೇಕು, ಕಬಡ್ಡಿಯಲ್ಲಿ ಬೋನಸ್ ಅಂಕ ಯಾವಾಗ ಸಲ್ಲುತ್ತದೆ, ಇದೆಲ್ಲ ನಿಯಮ ಪುಸ್ತಕದಲ್ಲಿದೆ. ತೀರ್ಪು ಕೊಡುವವನಿಗೇ ಏಟು ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು? ಅವನು ಆಟ ನಿಲ್ಲಿಸದೇ ಹೋದದ್ದರಿಂದ ಹುಡುಗನೊಬ್ಬನ ಕಾಲು ಮುರಿದರೆ ಪರಿಹಾರ ಯಾರು ಕಟ್ಟಬೇಕು? ಇದು ಪುಸ್ತಕದಲ್ಲಿ ಸಿಗುವುದಿಲ್ಲ. ತುಮಕೂರು ಕಡೆ ಅಂಪೈರ್, ರೆಫ್ರಿ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಓದಿ ಬರೆದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮ್ಮಲ್ಲಿ ಹೆಚ್ಚಿನವರು ಪಿಟಿ ಮೇಷ್ಟ್ರುಗಳು, ಇಲ್ಲವೇ ಆಟ ಬಿಟ್ಟ ಹಳೇ ಆಟಗಾರರು. ಹಗಲು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ, ರಾತ್ರಿ ಗುಬ್ಬಿಯಲ್ಲೋ ಶಿರಾದಲ್ಲೋ ಹೊನಲು ಬೆಳಕಿನ ಕಬಡ್ಡಿ. ಸಂಭಾವನೆ ಕವರಿನಲ್ಲಿ ಕೈಗೆ ಬರುತ್ತದೆ. ನೇಮಕದ ಪತ್ರ ಅಂತ ಒಂದು ಕಾಗದವೂ ಇರುವುದಿಲ್ಲ. ಈ ಕಾಗದದ ವಿಷಯಕ್ಕೆ ಆಮೇಲೆ ಬರೋಣ.

ಏಟು ನಮಗೆ ಬಿದ್ದಾಗ

ಅಂಪೈರ್‌ಗೆ ಏನಾಗುತ್ತೆ ಬಿಡಿ, ನಿಂತಿರೋದು ತಾನೇ ಅನ್ನುವವರಿದ್ದಾರೆ. 2014ರ ನವೆಂಬರ್‌ನಲ್ಲಿ ಇಸ್ರೇಲಿನ ಅಶ್‌ದೋದ್‌ನಲ್ಲಿ ಹಿಲೆಲ್ ಆಸ್ಕರ್ ಎಂಬ ಅಂಪೈರ್ ಚೆಂಡು ಬಡಿದು ತೀರಿಕೊಂಡರು. ಬ್ಯಾಟ್ಸ್‌ಮನ್ ಹೊಡೆದ ಚೆಂಡು ಸ್ಟಂಪ್‌ಗೆ ತಾಗಿ ಅವರತ್ತ ತಿರುಗಿತ್ತು. 2009ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಆಲ್‌ಕ್ವಿನ್ ಜೆಂಕಿನ್ಸ್ ಅವರ ಜೀವ ಹೋಗಿದ್ದು ಫೀಲ್ಡರ್ ಎಸೆದ ಚೆಂಡಿನಿಂದ. 2015ರಲ್ಲಿ ತಮಿಳುನಾಡಿನ ದಿಂಡಿಗಲ್‌ನ ರಣಜಿ ಪಂದ್ಯದಲ್ಲಿ ಆಸ್ಟ್ರೇಲಿಯಾದ ಜಾನ್ ವಾರ್ಡ್ ತಲೆಗೆ ಏಟು ಬಿತ್ತು. ಮುಂದಿನ ತಿಂಗಳು ಕ್ಯಾನ್‌ಬೆರಾದ ಏಕದಿನ ಪಂದ್ಯಕ್ಕೆ ಅವರು ಹೆಲ್ಮೆಟ್ ಹಾಕಿಕೊಂಡೇ ಬಂದರು. ನಮ್ಮ ಕಡೆ ಬೇರೆ ಥರದ ಅಪಾಯವೂ ಇದೆ. ವಾಲಿಬಾಲ್ ರೆಫ್ರಿಗೆ ಸ್ಟ್ಯಾಂಡ್ ಇಲ್ಲ ಅಂತ ಮೇಜಿನ ಮೇಲೆ ಬೆಂಚ್ ಇಟ್ಟು ಹತ್ತಿಸುತ್ತಾರಲ್ಲ, ಅದು.

ಇಂಥದ್ದಕ್ಕೆ ಇರುವುದು ವೈಯಕ್ತಿಕ ಅಪಘಾತ ವಿಮೆ. ಸಾವು, ಪೂರ್ತಿ ಅಂಗವೈಕಲ್ಯ, ಭಾಗಶಃ ಅಂಗವೈಕಲ್ಯ, ಈ ಮೂರಕ್ಕೆ ಹಣ ಕೊಡುತ್ತದೆ. ಕೆಲವು ಪಾಲಿಸಿಗಳಲ್ಲಿ ನಾಲ್ಕನೆಯದೊಂದು ಇರುತ್ತದೆ: ಕೆಲಕಾಲ ಕೆಲಸ ಮಾಡಲಾಗದಿದ್ದರೆ ವಾರಕ್ಕೆ ಇಷ್ಟು ಅಂತ. ಪಂದ್ಯದ ಸಂಭಾವನೆಯನ್ನೇ ನಂಬಿದವರಿಗೆ ಇದೇ ಮುಖ್ಯ. ಮೊಣಕಾಲು ಊದಿಕೊಂಡು ಸೀಸನ್ ಪೂರ್ತಿ ಮನೆಯಲ್ಲಿ ಕೂತರೆ ಅದು ಅಂಗವೈಕಲ್ಯವಲ್ಲ, ಆದರೆ ಸಂಪಾದನೆ ಮಾತ್ರ ಸೊನ್ನೆ.

‘ಅಪಘಾತ’ ಅಂದರೆ ಏನು ಅಂತ ಪಾಲಿಸಿಯಲ್ಲೇ ಬರೆದಿರುತ್ತಾರೆ: ದಿಢೀರನೆ, ನಿರೀಕ್ಷೆಯಿಲ್ಲದೆ, ನಮ್ಮ ಇಚ್ಛೆಯಿಲ್ಲದೆ, ಹೊರಗಿನಿಂದ, ಕಣ್ಣಿಗೆ ಕಾಣುವಂತೆ, ಬಲವಾಗಿ ಬಿದ್ದ ಪೆಟ್ಟು. ಒಂದೊಂದು ಪದಕ್ಕೂ ಬೆಲೆ ಇದೆ. ಪಾವಗಡದ ಏಪ್ರಿಲ್ ಬಿಸಿಲಲ್ಲಿ ಫುಟ್‌ಬಾಲ್ ರೆಫ್ರಿ ಓಡುತ್ತಾ ಹೃದಯಾಘಾತದಿಂದ ಕುಸಿದರೆ ಅದು ಈ ವ್ಯಾಖ್ಯೆಗೆ ಸೇರುವುದಿಲ್ಲ. ಯಾವ ಕಾರಣದಿಂದ ಸತ್ತರೂ ಹಣ ಬರುವುದು ಜೀವ ವಿಮೆಯಿಂದ. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಯೋಜನೆಯಲ್ಲಿ 2 ಲಕ್ಷ ಸಿಗುತ್ತದೆ, ಸೇರಲು ವಯಸ್ಸು 18ರಿಂದ 50. ಸುರಕ್ಷಾ ಬಿಮಾ ಯೋಜನೆ ಬೇರೆ. ಅದು ವರ್ಷಕ್ಕೆ ಬರೀ 20 ರೂಪಾಯಿ, 70 ವರ್ಷದವರೆಗೆ, ಅಪಘಾತಕ್ಕೆ ಮಾತ್ರ. ಸಾವು ಅಥವಾ ಪೂರ್ತಿ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣೋ ಒಂದು ಕೈಯೋ ಶಾಶ್ವತವಾಗಿ ಹೋದರೆ 1 ಲಕ್ಷ. ಆಸ್ಪತ್ರೆ ಬಿಲ್ಲಿಗೆ ಒಂದು ರೂಪಾಯಿಯೂ ಇಲ್ಲ. ಬ್ಯಾಂಕಿನಲ್ಲಿ ಎರಡಕ್ಕೂ ಸಹಿ ಹಾಕಿಸಿಕೊಂಡಿರುತ್ತಾರೆ, ಯಾವುದು ಯಾವುದಕ್ಕೆ ಅಂತ ನಮಗೇ ಗೊತ್ತಿರಲ್ಲ, ಅಲ್ವಾ?

ಇನ್ನೂ ದೊಡ್ಡ ಮೊತ್ತ ಬೇಕಾದರೆ ‘ಸರಳ್ ಸುರಕ್ಷಾ ಬಿಮಾ’ ಅಂತ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದ ಮೇಲೆ 2021ರ ಏಪ್ರಿಲ್‌ನಿಂದ ಕಂಪನಿಗಳು ಮಾರುತ್ತಿರುವ ಮಾದರಿ ಪಾಲಿಸಿ ಇದು. ಮೊತ್ತ ಎರಡೂವರೆ ಲಕ್ಷದಿಂದ 1 ಕೋಟಿಯವರೆಗೆ. ಎಲ್ಲಾ ಕಂಪನಿಯಲ್ಲೂ ಷರತ್ತು ಒಂದೇ, ಆದ್ದರಿಂದ ಓದಿ ಹೋಲಿಸುವುದು ಸುಲಭ.

ಉದ್ಯೋಗದ ಕಾಲಂ

ಅಪಘಾತ ವಿಮೆಯಲ್ಲಿ ಉದ್ಯೋಗಗಳನ್ನು ಮೂರು ಗುಂಪು ಮಾಡುವುದು ಹಳೇ ಪದ್ಧತಿ. ಮೊದಲ ಗುಂಪಿನಲ್ಲಿ ವಕೀಲರು, ವೈದ್ಯರು, ಮೇಷ್ಟ್ರುಗಳು, ಬ್ಯಾಂಕಿನವರು. ಎರಡನೆಯದರಲ್ಲಿ ಕಟ್ಟಡ ಗುತ್ತಿಗೆದಾರರು, ಗ್ಯಾರೇಜ್ ಮೆಕ್ಯಾನಿಕ್‌ಗಳು, ಲಾರಿ ಚಾಲಕರು, ಜೊತೆಗೆ ವೃತ್ತಿಪರ ಆಟಗಾರರು. ಮೂರನೆಯದರಲ್ಲಿ ಗಣಿಯೊಳಗೆ ಇಳಿಯುವವರು, ಹೈಟೆನ್ಷನ್ ಲೈನಿನ ಕೆಲಸದವರು, ಜಾಕಿಗಳು (ರೇಸ್ ಕುದುರೆ ಓಡಿಸುವವರು), ಸರ್ಕಸ್ಸಿನವರು. ಗುಂಪು ಮೇಲೇರಿದಂತೆ ಪ್ರೀಮಿಯಂ ಜಾಸ್ತಿ. ಅಂಪೈರ್ ಎಲ್ಲಿದ್ದಾನೆ? ಹೆಸರೇ ಇಲ್ಲ.

ಹಾಗಾಗಿ ಪಿಟಿ ಮೇಷ್ಟ್ರು ಪ್ರಪೋಸಲ್ ಫಾರಂನಲ್ಲಿ, ಅಂದರೆ ವಿಮೆಯ ಅರ್ಜಿಯಲ್ಲಿ, ‘ಶಿಕ್ಷಕ’ ಅಂತ ಬರೆದು ಕಡಿಮೆ ಪ್ರೀಮಿಯಂ ಕಟ್ಟಿ ಬರುತ್ತಾರೆ. ಮುಂದೆ ಕಬಡ್ಡಿ ಮ್ಯಾಟ್ ಮೇಲೆ ಕಾಲು ಮುರಿದಾಗ ಕಂಪನಿ ಕೇಳುವುದು ಒಂದೇ ಪ್ರಶ್ನೆ: ದುಡ್ಡು ತೆಗೆದುಕೊಂಡು ತೀರ್ಪುಗಾರಿಕೆ ಮಾಡುತ್ತೀರಿ ಅಂತ ನಮಗೆ ಯಾಕೆ ಹೇಳಲಿಲ್ಲ? ವಿಮೆ ಪೂರ್ತಿ ನಂಬಿಕೆಯ ಮೇಲೆ ನಿಂತ ಒಪ್ಪಂದ. ಮುಖ್ಯ ವಿಷಯ ಮುಚ್ಚಿಟ್ಟರೆ ಕ್ಲೈಮ್ ತಿರಸ್ಕರಿಸಲು ಅವರಿಗೆ ದಾರಿ ಸಿಗುತ್ತದೆ. ಇನ್ನೊಂದು ತೊಡಕು: ಅಪಾಯಕಾರಿ ಕ್ರೀಡೆಯಲ್ಲಿ ವೃತ್ತಿಪರನಾಗಿ ಭಾಗವಹಿಸಿದಾಗ ಆದ ಗಾಯಕ್ಕೆ ಹಣವಿಲ್ಲ ಅನ್ನುವ ಷರತ್ತು. ಆರೋಗ್ಯ ವಿಮೆಯಲ್ಲಿ ಇದರ ಜೊತೆ ಪರ್ವತಾರೋಹಣ, ರಾಫ್ಟಿಂಗ್, ಮೋಟಾರ್ ರೇಸ್, ಕುದುರೆ ರೇಸ್ ಮುಂತಾದ ಹೆಸರುಗಳಿವೆ. ಕಬಡ್ಡಿ, ಕ್ರಿಕೆಟ್ ಇಲ್ಲ. ಆದರೆ ‘ಇಷ್ಟಕ್ಕೇ ಸೀಮಿತವಲ್ಲ’ ಅಂತಲೂ ಸೇರಿಸಿದ್ದಾರೆ. ತೀರ್ಪುಗಾರ ಆಟದಲ್ಲಿ ‘ಭಾಗವಹಿಸುತ್ತಾನಾ’ ಅನ್ನುವ ವಾದ ಹುಟ್ಟುವುದು ಇಲ್ಲೇ.

ನನ್ನ ಪ್ರಕಾರ ಪ್ರಪೋಸಲ್ ಫಾರಂನಲ್ಲಿ ಹೀಗೆ ಬರೆಯುವುದು ಒಳ್ಳೆಯದು: “ಪ್ರೌಢಶಾಲಾ ದೈಹಿಕ ಶಿಕ್ಷಕ. ಬಿಡುವಿನಲ್ಲಿ ಸಂಭಾವನೆ ಪಡೆದು ಕಬಡ್ಡಿ, ವಾಲಿಬಾಲ್ ಪಂದ್ಯಗಳಿಗೆ ತೀರ್ಪುಗಾರ. ಆಟಗಾರನಲ್ಲ.” ಪ್ರೀಮಿಯಂ ಸ್ವಲ್ಪ ಏರಬಹುದು, ಏರಲಿ. ಸರ್ಕಾರಿ ನೌಕರರು ಹಣ ಪಡೆಯುವ ಹೊರಗಿನ ಕೆಲಸಕ್ಕೆ ಇಲಾಖೆಯ ಅನುಮತಿ ತೆಗೆದುಕೊಳ್ಳಬೇಕು. ಆ ರಗಳೆ ಬೇಡ ಅಂತಲೇ ಕಾಲಂ ಖಾಲಿ ಬಿಡುವುದುಂಟು. ಅನುಮತಿ ಪತ್ರ ಮೊದಲು ಮಾಡಿಸಿಕೊಂಡರೆ ಎರಡೂ ಕಡೆ ನಿರಾಳ.

ನಮ್ಮಿಂದ ಬೇರೆಯವರಿಗೆ ಏಟಾದಾಗ

ಇದು ಬೇರೆಯೇ ವಿಮೆ. ಮೇಲಿನ ಯಾವ ಪಾಲಿಸಿಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಓದಲೇಬೇಕಾದ ಎರಡು ತೀರ್ಪುಗಳು ಬ್ರಿಟನ್ನಿನ ರಗ್ಬಿಯವು. 1991ರ ಅಕ್ಟೋಬರ್‌ನಲ್ಲಿ 19 ವರ್ಷದೊಳಗಿನವರ ಪಂದ್ಯವೊಂದರಲ್ಲಿ ಸ್ಕ್ರಮ್, ಅಂದರೆ ಎರಡೂ ಕಡೆಯವರು ತಲೆ ಬಗ್ಗಿಸಿ ಭುಜಕ್ಕೆ ಭುಜ ಕೊಟ್ಟು ತಳ್ಳುವ ಗುಂಪು, ಮತ್ತೆ ಮತ್ತೆ ಕುಸಿಯಿತು. ರೆಫ್ರಿ ಹತೋಟಿಗೆ ತರಲಿಲ್ಲ. ಬೆನ್ ಸ್ಮೊಲ್ಡನ್ ಎಂಬ 17ರ ಹುಡುಗನ ಕುತ್ತಿಗೆ ಮುರಿಯಿತು. ಎದುರು ಆಟಗಾರನ ಮೇಲಿನ ಆರೋಪ ಬಿದ್ದುಹೋಯಿತು, ರೆಫ್ರಿ ಮೇಲಿನದು ನಿಂತಿತು. 1996ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಎರಡನೆಯದು ವೋಲ್ಸ್ ಪ್ರಕರಣ. 1998ರಲ್ಲಿ ವೇಲ್ಸ್‌ನ ಹವ್ಯಾಸಿ ಪಂದ್ಯದಲ್ಲಿ ಮುಂದಿನ ಸಾಲಿನ ಆಟಗಾರ ಗಾಯಗೊಂಡು ಹೊರಟ. ಬದಲಿಗೆ ಆ ಜಾಗದ ತರಬೇತಿ ಇಲ್ಲದವನು ಬಂದ. ತಳ್ಳಾಟವಿಲ್ಲದ ಸ್ಕ್ರಮ್ ಮಾಡಿಸಿ ಅಂತ ರೆಫ್ರಿ ಪಟ್ಟು ಹಿಡಿಯಬೇಕಿತ್ತು. ಅವನು ಆಯ್ಕೆಯನ್ನು ತಂಡಕ್ಕೇ ಬಿಟ್ಟ. ಮುಂದೆ ಸ್ಕ್ರಮ್‌ನಲ್ಲಿ ವೋಲ್ಸ್ ಎಂಬ ಆಟಗಾರನಿಗೆ ತೀವ್ರ ಗಾಯವಾಯಿತು. 2003ರಲ್ಲಿ ಮೇಲ್ಮನವಿಯಲ್ಲೂ ರೆಫ್ರಿಯೇ ಹೊಣೆ ಅಂತಾಯಿತು.

ಗಮನಿಸಿ, ವೇಗದ ಆಟದಲ್ಲಿ ಆಗುವ ಸಣ್ಣ ತಪ್ಪು ತೀರ್ಪಿಗೆ ಹೊಣೆ ಹೊರಿಸಲಾಗದು ಅಂತ ನ್ಯಾಯಾಲಯವೇ ಸ್ಮೊಲ್ಡನ್ ಪ್ರಕರಣದಲ್ಲಿ ಹೇಳಿದೆ. ಸಿಕ್ಕಿಬಿದ್ದದ್ದು ಸುರಕ್ಷತೆಯ ನಿಯಮ ಬಿಟ್ಟಿದ್ದಕ್ಕೆ. ಈ ತೀರ್ಪುಗಳು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ವಕೀಲರು ಎತ್ತಿ ಓದಬಹುದು. ಕ್ರಿಕೆಟ್‌ನ 2.8ನೇ ನಿಯಮ ನೋಡಿ: ಮೈದಾನವೋ ಬೆಳಕೋ ಅಪಾಯಕಾರಿ ಅಂತ ಇಬ್ಬರು ಅಂಪೈರ್‌ಗಳಿಗೂ ಅನಿಸಿದರೆ ಆಟ ತಕ್ಷಣ ನಿಲ್ಲಿಸಬೇಕು. ‘ನಿಲ್ಲಿಸಬಹುದು’ ಅಂತಿಲ್ಲ. ಮಳೆಗೆ ನೆನೆದ ಮ್ಯಾಟ್ ಮೇಲೆ ಕಬಡ್ಡಿ ಮುಂದುವರಿಸಿ ಅಂತ ಆಯೋಜಕರು ಒತ್ತಾಯ ಮಾಡುವಾಗ ಇದು ನೆನಪಿರಲಿ.

ಇಲ್ಲಿಗೆ ಬೇಕಾದದ್ದು ಹೊಣೆಗಾರಿಕೆ ವಿಮೆ. ಅದರಲ್ಲೂ ಎರಡು ಬಗೆ. ಮೂರನೆಯವರ ದೇಹಕ್ಕೋ ಆಸ್ತಿಗೋ ಆದ ಹಾನಿಗೆ ಪಬ್ಲಿಕ್ ಲಯಬಿಲಿಟಿ. ವೃತ್ತಿಯಲ್ಲಿ ಮಾಡಿದ ತಪ್ಪಿಗೆ ಪ್ರೊಫೆಷನಲ್ ಇಂಡೆಮ್ನಿಟಿ. ಪಾಲಿಸಿಯ ಮಿತಿಯೊಳಗೆ ಕೋರ್ಟ್ ಖರ್ಚೂ ಸೇರುತ್ತದೆ. ಹೆಸರು ಕೇಳಿ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಭೋಪಾಲ್ ದುರಂತದ ನಂತರ ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ ಮಾಡಿದ ಕಾನೂನು. ನಮಗೆ ಸಂಬಂಧವಿಲ್ಲ.

ಇಂಡೆಮ್ನಿಟಿ ಪಾಲಿಸಿಗಳಲ್ಲಿ ಲೆಕ್ಕ ಘಟನೆಯ ದಿನಕ್ಕಲ್ಲ, ಕ್ಲೈಮ್ ಬಂದ ದಿನಕ್ಕೆ. ಈ ವರ್ಷ ಪಂದ್ಯ ಆಡಿಸಿ, ಮುಂದಿನ ವರ್ಷ ಪಾಲಿಸಿ ಬಿಟ್ಟು, ಆಮೇಲೆ ನೋಟಿಸ್ ಬಂದರೆ ರಕ್ಷಣೆ ಇಲ್ಲ. ಶಾಲಾ ಪಂದ್ಯ ಆಡಿಸುವವರಿಗೆ ಇದು ದೊಡ್ಡ ವಿಷಯ. ಅಪ್ರಾಪ್ತರಿಗೆ ದಾವೆಯ ಕಾಲಮಿತಿ ಎಣಿಕೆ ಶುರುವಾಗುವುದೇ 18 ತುಂಬಿದ ಮೇಲೆ. ಹದಿಮೂರರ ಹುಡುಗನ ಕಡೆಯಿಂದ ನೋಟಿಸ್ ಐದಾರು ವರ್ಷ ತಡವಾಗಿಯೂ ಬರಬಹುದು.

ಒಬ್ಬೊಬ್ಬರೇ ಇದನ್ನು ಕೊಳ್ಳುವುದು ದುಬಾರಿ. ಸಂಘವೋ ಆಯೋಜಕರೋ ಗುಂಪಾಗಿ ಮಾಡಿಸುವುದೇ ಸರಿಯಾದ ದಾರಿ. ಪಾಲಿಸಿ ಇದೆ ಅಂದರೆ ಸಾಲದು. ವಿಮೆಗೆ ಒಳಪಟ್ಟವರ ಪಟ್ಟಿಯಲ್ಲಿ ಆಟಗಾರರ ಜೊತೆ ತೀರ್ಪುಗಾರರೂ ಇದ್ದಾರಾ ನೋಡಿ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಪೇಟೆಯ ಜೂನಿಯರ್ ಕಬಡ್ಡಿ ಕೂಟದಲ್ಲಿ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅಂಥ ಕಡೆ ದಾವೆ ಹೂಡುವವರು ಸಿಕ್ಕವರನ್ನೆಲ್ಲ ಪ್ರತಿವಾದಿ ಮಾಡುತ್ತಾರೆ.

ದಾರಿ ಮತ್ತು ಕಾಗದ

ರಾತ್ರಿ ಪಂದ್ಯ ಮುಗಿಸಿ ಮಧುಗಿರಿಯಿಂದ ಬೈಕಿನಲ್ಲಿ ವಾಪಸ್ ಬರುವಾಗ ಬಿದ್ದರೆ? ಬೈಕ್ ವಿಮೆಯ ಜೊತೆ ಮಾಲೀಕ-ಚಾಲಕನಿಗೆ 15 ಲಕ್ಷದ ಅಪಘಾತ ರಕ್ಷಣೆ ಇರುತ್ತದೆ. ಆದರೆ ಗಾಡಿ ನಮ್ಮ ಹೆಸರಿನಲ್ಲಿ ಇರಬೇಕು, ನಾವೇ ಓಡಿಸುತ್ತಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು. ಹಿಂದೆ ಕೂತ ಲೈನ್ ಅಂಪೈರ್‌ಗೆ ಇದರಲ್ಲಿ ಪಾಲಿಲ್ಲ.

ಈಗ ಆ ನೇಮಕದ ಪತ್ರ. ಆಯೋಜಕರಿಂದ ತಾರೀಖು, ಸ್ಥಳ, ಕೆಲಸ ಬರೆದ ಒಂದು ಸಾಲಿನ ವಾಟ್ಸ್‌ಆ್ಯಪ್ ಸಂದೇಶವಾದರೂ ಇಟ್ಟುಕೊಳ್ಳಿ. ಏಟು ಬಿದ್ದರೆ ಸ್ಕೋರ್‌ಶೀಟ್‌ನ ಷರಾ ಜಾಗದಲ್ಲಿ ಸಮಯ ಸಮೇತ ಬರೆಸಿ. ಪ್ರೇಕ್ಷಕರು ಹೊಡೆದಿದ್ದರೆ ಪೊಲೀಸ್ ದೂರು ಬೇಕೇ ಬೇಕು. ಕಂಪನಿಗೆ ಆದಷ್ಟು ಬೇಗ ತಿಳಿಸಿ. ಕ್ಲೈಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಇತ್ಯರ್ಥ ಮಾಡುವ ಅಧಿಕಾರಿ) ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಫೋನ್ ಮಾಡಿ ಪ್ರಾಧಿಕಾರದಲ್ಲೂ ದೂರು ದಾಖಲಿಸಬಹುದು.